ಜಟ್ಟೆಮ್ಮ ಇಳಿಯುವ ತಿರುವು

೧

ಮೊದಲು ಯಾರನ್ನು ಬಿಡಲಿ?

ಕಥೆ ಬರೆಯಲು ಕೂತು ಮೂರು ದಿನವಾಯಿತು, ಇನ್ನೂ ಈ ಪ್ರಶ್ನೆಯಲ್ಲೇ ಸಿಕ್ಕಿಬಿದ್ದಿದ್ದೇನೆ. ಕುಕ್ ಟೌನಿನ ಒಂದು ತಿರುವು. ಬೆಳಿಗ್ಗೆ ಆರೂ ಮುಕ್ಕಾಲು. ಸೈಕಲ್ಲಿನ ಮೇಲೆ ಜಟ್ಟೆಮ್ಮ ಬರುತ್ತಿದ್ದಾಳೆ. ಅವಳ ಹಿಂದೆ ಸ್ಕೂಟರಿಗೆ ಮೊಟ್ಟೆಯ ಟ್ರೇಗಳನ್ನು ಕಟ್ಟಿಕೊಂಡು ನಜೀರ್ ಬರುತ್ತಿದ್ದಾನೆ. ಎದುರಿನಿಂದ ನೀರಿನ ಟ್ಯಾಂಕರ್. ಅಪಾರ್ಟ್‌ಮೆಂಟಿನ ಗೇಟಿನಿಂದ ಒಂದು ಕಾರು ಮೂತಿ ಹೊರಗೆ ಹಾಕಿದೆ. ಫುಟ್‌ಪಾತ್ ಇರಬೇಕಾದ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದರಿಂದ ವಾಕಿಂಗಿನವರೂ ರಸ್ತೆಯಲ್ಲೇ ಇದ್ದಾರೆ. ಎಲ್ಲರಿಗೂ ಅರ್ಜೆಂಟು. ಎಲ್ಲರಿಗೂ ನನ್ನ ಮೊದಲ ವಾಕ್ಯದಲ್ಲೇ ಜಾಗ ಬೇಕು.

(ಕಾರಿನಲ್ಲಿರುವವನು ನಾನೇ. ಇದನ್ನು ಕೊನೆಯಲ್ಲಿ ಹೇಳಿ ನಿಮ್ಮನ್ನು ಬೆಚ್ಚಿಬೀಳಿಸಬೇಕೆಂದಿದ್ದೆ. ಆದರೆ ಅಂಥ ಆಟಕ್ಕೆ ನೀವು ಬಗ್ಗುವವರಲ್ಲ, ನನಗೂ ವಯಸ್ಸಾಯಿತು.)

ನಮ್ಮೂರಿನ ರಸ್ತೆಯಲ್ಲಿ ಚಾಲ್ತಿಯಲ್ಲಿರುವ ನಿಯಮ ಒಂದೇ: ಆನೆ ನಡೆದದ್ದೇ ದಾರಿ. ಆ ನಿಯಮದ ಪ್ರಕಾರ ಮೊದಲ ಡ್ರಾಫ್ಟನ್ನು ಟ್ಯಾಂಕರಿನಿಂದ ಶುರುಮಾಡಿದೆ. ಎರಡು ಪುಟ ಬರೆಯುವುದರೊಳಗೆ ಟ್ಯಾಂಕರ್ ಎಲ್ಲರನ್ನೂ ಅಂಚಿಗೆ ತಳ್ಳಿ ಮುಂದೆ ಹೋಗಿಬಿಟ್ಟಿತು, ಕಥೆಯಲ್ಲಿ ನೋಡಲು ಏನೂ ಉಳಿಯಲಿಲ್ಲ. ಎರಡನೆಯ ಡ್ರಾಫ್ಟು ಕಾರಿನಿಂದ ಶುರುವಾಯಿತು. ಅದರ ತುಂಬ ನನ್ನ ಮಂಡಿನೋವು, ನನ್ನ ಇ.ಎಂ.ಐ., ನನ್ನ ಚಿಂತನೆಗಳೇ ಇದ್ದವು. ಹರಿದು ಹಾಕಿದೆ.

ಆದ್ದರಿಂದ ಸೈಕಲ್ಲನ್ನು ಮೊದಲು ಬಿಡುತ್ತಿದ್ದೇನೆ. ಹಿಂದಿರುವವರು ದಯವಿಟ್ಟು ಹಾರ್ನ್ ಮಾಡಬೇಡಿ.

೨

ಜಟ್ಟೆಮ್ಮನಿಗೆ ನಲವತ್ತಮೂರು ವರ್ಷ. ಯಾದಗಿರಿ ಕಡೆಯವಳು. ಗಂಡ ಬಸಣ್ಣ ಸೆಂಟ್ರಿಂಗ್ ಕೆಲಸದವನು. ಕಟ್ಟಡ ಎಲ್ಲಿ ಏಳುತ್ತದೋ ಅಲ್ಲೇ ಅವನ ವಾಸ. ಈಗ ದೇವನಹಳ್ಳಿಯ ಕಡೆ ಇದ್ದಾನೆ, ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಾನೆ. ಜಟ್ಟೆಮ್ಮ ಲಿಂಗರಾಜಪುರದ ಒಂದು ಬಾಡಿಗೆ ಖೋಲಿಯಲ್ಲಿದ್ದುಕೊಂಡು ಬೆನ್ಸನ್ ಟೌನಿನ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ಮೊದಲ ಮನೆಯಲ್ಲಿ ಏಳೂವರೆಗೆ ತಿಂಡಿ ಟೇಬಲ್ಲಿನ ಮೇಲಿರಬೇಕು. ನಡೆದು ಹೋದರೆ ಮುಕ್ಕಾಲು ಗಂಟೆ ಬೇಕು. ಬಸ್ಸು ಹತ್ತಿದರೆ ಸುತ್ತಿ ಬಳಸಿ ಅದಕ್ಕಿಂತ ತಡವಾಗುತ್ತದೆ.

ಆ ಮನೆಯ ಮಗಳು ಸ್ಕೂಟಿ ತೆಗೆದುಕೊಂಡಾಗ ಅವಳ ಹಳೆಯ ಸೈಕಲ್ ಜಟ್ಟೆಮ್ಮನ ಪಾಲಿಗೆ ಬಂತು. ನೇರಳೆ ಬಣ್ಣದ್ದು, ಮುಂದೆ ಬುಟ್ಟಿಯಿರುವ ಲೇಡೀಸ್ ಸೈಕಲ್. ಪಕ್ಕದ ಖೋಲಿಯ ಉಮಾಶ್ರೀ ಆರು ಭಾನುವಾರ ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಓಡಿದಳು. ಏಳನೆಯ ಭಾನುವಾರ ಕೈಬಿಟ್ಟಳು, ಬಿಟ್ಟೆನೆಂದು ಹೇಳಲಿಲ್ಲ. ಅವತ್ತಿನಿಂದ ಜಟ್ಟೆಮ್ಮ ಇಪ್ಪತ್ತು ನಿಮಿಷದಲ್ಲಿ ಬೆನ್ಸನ್ ಟೌನಿನಲ್ಲಿರುತ್ತಾಳೆ. ಎರಡನೆಯ ಮನೆ ಸಿಕ್ಕಿದ್ದು ಈ ಸೈಕಲ್ಲಿನಿಂದಲೇ.

“ಇಳಕಲನ್ಯಾಗ ಗಾಳಿ ಬಂದು ಎದಿಗೆ ಬಡೀತದ್ರಿ,” ಎಂದು ಅವಳು ಒಮ್ಮೆ ನನಗೆ ಹೇಳಿದಳು. “ಆವಾಗ ನಾ ಯಾರ ಸೊಸಿನೂ ಅಲ್ಲ, ಯಾರ ಮನಿ ಅಡಿಗಿಯಾಕಿನೂ ಅಲ್ಲ. ಜಟ್ಟೆಮ್ಮ, ಅಷ್ಟೇ.”

(ಇದು ಲೇಖಕ ಅವಳ ಬಾಯಿಗೆ ತುರುಕಿದ ಮಾತು ಎಂದು ವಿಮರ್ಶಕರು ಬರೆಯುವುದು ಖಂಡಿತ. ಅಲ್ಲ ಸ್ವಾಮಿ. ನಾನು ಬರೆದಿದ್ದರೆ ಅದರಲ್ಲಿ ‘ಸ್ವಾತಂತ್ರ್ಯ’ ಎಂಬ ಪದ ಇದ್ದೇ ಇರುತ್ತಿತ್ತು.)

೩

ಐದು ತಿಂಗಳು ಎಲ್ಲ ಸುಗಮವಾಗಿತ್ತು. ಆಮೇಲೆ ನಮ್ಮ ಅಪಾರ್ಟ್‌ಮೆಂಟಿಗೆ ಹೊಸ ಸೆಕ್ಯುರಿಟಿ ಬಂದ. ಹೆಸರು ನಿಂಗಣ್ಣ, ವಯಸ್ಸು ಐವತ್ತೆಂಟು. ಕಲ್ಯಾಣ ನಗರದ ಯಾವುದೋ ಕಟ್ಟಡದಲ್ಲಿದ್ದವನನ್ನು ಏಜೆನ್ಸಿಯವರು ಇಲ್ಲಿಗೆ ಹಾಕಿದರು. ಇವನು ಬಸಣ್ಣನ ಒಡಹುಟ್ಟಿದ ಅಣ್ಣ. ಅಂದರೆ ಜಟ್ಟೆಮ್ಮನಿಗೆ ಭಾವ.

ಅವರ ಮನೆಯ ರಿವಾಜು ಹೀಗಿದೆ: ತಮ್ಮನ ಹೆಂಡತಿ ಭಾವನ ಎದುರು ಕೂರುವುದಿಲ್ಲ, ತಲೆಯ ಮೇಲಿನ ಸೆರಗು ಜಾರಲು ಬಿಡುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಭಾವನೂ ಅಷ್ಟೇ. ಏನಾದರೂ ಹೇಳಲೇಬೇಕಾದರೆ ನಡುವೆ ಒಬ್ಬರಿರಬೇಕು. ಯಾರೂ ಇಲ್ಲದಿದ್ದರೆ ಗೋಡೆಗೋ ಕಂಬಕ್ಕೋ ಹೇಳಿದಂತೆ ಹೇಳಬೇಕು. ಜಟ್ಟೆಮ್ಮ ಮದುವೆಯಾಗಿ ಇಪ್ಪತ್ತೊಂದು ವರ್ಷವಾಗಿದೆ, ಇಬ್ಬರೂ ಒಂದು ಮಾತೂ ಎದುರಾಬದುರು ಆಡಿಲ್ಲ.

ಭಾವನ ಮುಂದೆ ಸೈಕಲ್ ಹೊಡೆಯಬಹುದೋ ಬಾರದೋ ಎಂಬುದು ರಿವಾಜಿನಲ್ಲಿ ಇರಲಿಲ್ಲ, ಏಕೆಂದರೆ ಆ ಮನೆಯ ಹೆಂಗಸರು ಯಾರೂ ಸೈಕಲ್ ಹೊಡೆದವರಲ್ಲ. ಹಾಗಾಗಿ ಜಟ್ಟೆಮ್ಮ ತಾನೇ ಒಂದು ನಿಯಮ ಮಾಡಿಕೊಂಡಳು. ಭಾವ ಕಂಡ ಕೂಡಲೇ ಇಳಿಯುವುದು, ಸೆರಗು ತಲೆಗೆ ಎಳೆದುಕೊಳ್ಳುವುದು, ತಲೆ ತಗ್ಗಿಸಿ ಸೈಕಲ್ ತಳ್ಳಿಕೊಂಡು ಗೇಟು ದಾಟುವುದು, ಟ್ರಾನ್ಸ್‌ಫಾರ್ಮರಿನ ಮರೆಗೆ ಹೋದ ಮೇಲೆ ಮತ್ತೆ ಹತ್ತುವುದು.

ತೊಂದರೆ ಏನೆಂದರೆ ಭಾವ ಕಾಣುವುದು ಸರಿಯಾಗಿ ತಿರುವಿನ ನಡುವೆ. ಎಡಗಡೆ ಹಳೆಯ ಬಂಗಲೆಯ ಎತ್ತರದ ಕಾಂಪೌಂಡು. ಅದು ಮುಗಿದ ಕಡೆ ರಸ್ತೆ ತಿರುಗುತ್ತದೆ, ತಿರುಗಿದ ಕೂಡಲೇ ನಮ್ಮ ಗೇಟು, ಗೇಟಿನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಭಾವ. ಅವಳು ದಡಕ್ಕನೆ ಇಳಿಯುವುದು ಹಿಂದಿನಿಂದ ಬರುವವರಿಗೆ ಕಾಣುವುದೇ ಇಲ್ಲ.

ಒಂದು ಮಂಗಳವಾರ ನಜೀರನಿಗೆ ಕಾಣಲಿಲ್ಲ. ಸ್ಕೂಟರಿನ ಹ್ಯಾಂಡಲ್ ಅವಳ ಬೆನ್ನಿಗೆ ತಗುಲಿತು, ಇಬ್ಬರೂ ಬಿದ್ದರು, ಎಂಟು ಟ್ರೇ ಮೊಟ್ಟೆ ರಸ್ತೆಯಲ್ಲಿ ಹರಿಯಿತು. ನಾನು ಗೇಟಿನೊಳಗಿನಿಂದ ನೋಡಿದೆ. ಬಿದ್ದ ಜಟ್ಟೆಮ್ಮ ಮೊದಲು ಮುಟ್ಟಿ ನೋಡಿಕೊಂಡದ್ದು ಮೊಣಕೈಯನ್ನಲ್ಲ, ಸೆರಗನ್ನು. ಅದನ್ನು ತಲೆಗೆ ಎಳೆದುಕೊಂಡ ಮೇಲೆಯೇ ಎದ್ದು ಕೂರಲು ನೋಡಿದಳು. ನಿಂಗಣ್ಣ ಕುರ್ಚಿಯಿಂದ ಅರ್ಧ ಎದ್ದವನು ಹಾಗೆಯೇ ನಿಂತ. ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ. ಕೊನೆಗೆ ಗೇಟಿನ ಕಡೆ ತಿರುಗಿ, “ಯಾರರ ನೀರ್ ಕೊಡ್ರೀ!” ಎಂದು ಕೂಗಿದ.

ನೀರು ತೆಗೆದುಕೊಂಡು ಹೋದವನು ನಾನು. ಟ್ರಾನ್ಸ್‌ಫಾರ್ಮರಿನ ಆಚೆ, ಭಾವನ ಕಣ್ಣಿಗೆ ಬೀಳದ ಕಟ್ಟೆಯ ಮೇಲೆ ಅವಳು ಕೂತಿದ್ದಳು. ನಜೀರ್ ಅವಳ ಸೈಕಲ್ಲಿನ ಹ್ಯಾಂಡಲ್ ನೆಟ್ಟಗೆ ಮಾಡುತ್ತಿದ್ದ.

“ಜ್ಯಾದಾ ಲಗಾ ಕ್ಯಾ ಅಕ್ಕಾ? ಜಾಸ್ತಿ ಪೆಟ್ಟಾಯ್ತಾ? ಕೈ ಆಡಿಸಿ ನೋಡಿ,” ಎಂದ. ಅವಳು ಆಡಿಸಿ ತೋರಿಸಿದಳು. ಇದ್ದಕ್ಕಿದ್ದಂತೆ ಯಾಕೆ ಇಳಿದಿರಿ ಎಂದು ಅವನು ಕೇಳಿದ. ಅವಳು ಹೇಳಿದಳು. ನಜೀರ್ ಸ್ಪ್ಯಾನರ್ ಕೆಳಗಿಟ್ಟು ನನ್ನ ಮುಖ ನೋಡಿದ.

“ನೋಡಿ ಸಾರ್. ಗುಂಡಿಗೆ ಬ್ರೇಕ್ ಹಾಕ್ತಾರೆ, ಗೊತ್ತು. ನಾಯಿಗೆ ಹಾಕ್ತಾರೆ, ಗೊತ್ತು. ಪೊಲೀಸ್ ಮಾಮಾನ ಕಂಡ್ರೆ ಹಾಕ್ತಾರೆ, ಅದೂ ಗೊತ್ತು. ಭಾವನಿಗೆ ಹಾಕ್ತಾರೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?”

“ತಿರುವಿಗೆ ಮೊದಲೇ ಇಳಿಯಬಹುದಲ್ಲ ಜಟ್ಟೆಮ್ಮ?” ಎಂದು ನಾನು ಬುದ್ಧಿವಂತಿಕೆ ತೋರಿಸಿದೆ.

“ಒಂದೊಂದ್ ದಿನ ಅವ್ರು ಮೋಟರ್ ಹಾಕ್ಲಾಕ ಒಳಗ ಹೋಗಿರ್ತಾರ್ರಿ. ಕಾಣದ ಭಾವಗ ಯಾರರ ಇಳೀತಾರೇನು?”

ಉತ್ತರ ಎಷ್ಟು ಸರಿಯಾಗಿತ್ತೆಂದರೆ ನಜೀರನೂ ತಲೆಯಾಡಿಸಿದ.

೪ (ಕೈಬಿಟ್ಟ ಭಾಗ. ಆದರೂ ಇಲ್ಲಿ ಇರಲಿ.)

ನಾನು ಮೂಗು ತೂರಿಸುವವನು. ಕಥೆಗಾರನಿಗೆ ಅದು ಕಸುಬು. ಮರುವಾರ ಅದೇ ಕಟ್ಟೆಯ ಬಳಿ ಅವಳನ್ನು ನಿಲ್ಲಿಸಿ, ನಿಮ್ಮೂರಲ್ಲೂ ಹೀಗೆ ಇಳಿಯುತ್ತಿದ್ದರೇ ಎಂದು ಕೇಳಿದೆ. ಅವಳಪ್ಪ ಗೌಡರ ಕಟ್ಟೆಯ ಮುಂದೆ ಸೈಕಲ್ಲಿನಿಂದ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಿದ್ದನಂತೆ. ನನಗೆ ನಿಧಿ ಸಿಕ್ಕಿದಂತಾಯಿತು. ಅವತ್ತು ಸಂಜೆಯೇ ಅಪ್ಪ ಮಗಳನ್ನು ಜೋಡಿಸಿ ನಾಲ್ಕು ಪುಟ ಬರೆದೆ. ಅಪ್ಪನಿಗೆ ಗಿರಿಜಾ ಮೀಸೆ ಇಟ್ಟೆ. ಊರಿಗೆ ಒಂದು ಹೊಳೆ ಕೊಟ್ಟೆ. ಅಪ್ಪ ಇಳಿದದ್ದಕ್ಕೂ ಮಗಳು ಇಳಿಯುವುದಕ್ಕೂ ವ್ಯತ್ಯಾಸವೇ ಇಲ್ಲವೆಂದು ಮುಗಿಸಿದೆ. ಮರುದಿನ ಅವಳಿಗೇ ಓದಿ ಹೇಳಿದೆ.

ಜಟ್ಟೆಮ್ಮ ಪೂರ್ತಿ ಕೇಳಿದಳು.

“ನಮ್ಮಪ್ಪಗ ಮೀಸಿ ಇದ್ದಿಲ್ರಿ.”

“ಅದು ಸುಮ್ಮನೆ, ಕಥೆಗಾಗಿ.”

“ನಮ್ಮೂರಾಗ ಹೊಳಿ ಇಲ್ಲ. ನಮ್ಮಪ್ಪ ಇಳೀತಿದ್ದದ್ದು ಅಂಜಿ. ಇಳೀಲಿಲ್ಲಂದ್ರ ಬಡೀತಿದ್ರು. ನಾ ಇಳೀಲಿಲ್ಲಂದ್ರ ಭಾವನೋರು ಏನೂ ಅನ್ನಂಗಿಲ್ಲ.” ಬುಟ್ಟಿಯೊಳಗಿನ ಚೀಲ ಸರಿಮಾಡುತ್ತ ಸೇರಿಸಿದಳು: “ಏನೂ ಅನ್ನಂಗಿಲ್ಲ ಅಂತೇ ಇಳೀತೀನಿ.”

ನಾಲ್ಕು ಪುಟವನ್ನೂ ತೆಗೆದುಹಾಕಿದೆ. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ. ಅಂಜಿಕೆಯಿಂದ ಇಳಿದವರಿಗೂ ಮರ್ಯಾದೆಯಿಂದ ಇಳಿದವರಿಗೂ ಹಿಂದಿನ ಸ್ಕೂಟರು ಒಂದೇ ರೀತಿ ಬಡಿಯುತ್ತದೆ. ಅವಳು ಅದೇ ಜಾಗದಲ್ಲಿ ಮತ್ತೆ ಇಳಿಯುತ್ತಿದ್ದಳು, ಮುಂದಿನ ಸಲ ಬರುವುದು ಮೊಟ್ಟೆಯ ಸ್ಕೂಟರೇ ಆಗಿರಬೇಕೆಂದೇನೂ ಇರಲಿಲ್ಲ. ನನಗೆ ನಿಜವಾಗಿಯೂ ಭಯವಾಗುತ್ತಿತ್ತು.

೫

ಭಯ ನನಗಿಂತ ಮೊದಲು ನಿಂಗಣ್ಣನಿಗೆ ಹುಟ್ಟಿತ್ತು. ಒಂದು ಸಂಜೆ ನನ್ನ ಕಾರಿಗೆ ಗೇಟು ತೆಗೆದವನು ಕಿಟಕಿಯ ಪಕ್ಕ ಬಂದು ನಿಂತ.

“ಸಾರ್, ಆಕಿಗೆ ಒಂದ್ ಮಾತ್ ಹೇಳ್ಬೇಕಾಗ್ಯದ.”

“ತಮ್ಮನಿಗೆ ಫೋನ್ ಮಾಡಿ ಹೇಳಿಸಿ.”

“ಅವ ಸೈಕಲ್ಲೇ ಬ್ಯಾಡ ಅಂತಾನ. ಆಕಿ ಬಿದ್ದದ್ದು ಇನ್ನಾ ಅವಗ ಗೊತ್ತಿಲ್ಲ.” ನಿಂಗಣ್ಣ ಗೇಟಿನ ಚಿಲಕ ಹಿಡಿದುಕೊಂಡು ಅದನ್ನೇ ನೋಡುತ್ತ ಮುಂದುವರಿಸಿದ. “ಇಳೀಬ್ಯಾಡ ಅಂತ ಹೇಳ್ರಿ. ಭಾವ ಹೇಳ್ಯಾರಂತ ಹೇಳ್ರಿ. ನಮ್ ಮನ್ಯಾಗ ಸೈಕಲ್ ಹೊಡದ ಹೆಣ್ಮಗಳು ಆಕಿನೇ ಮೊದಲ. ಬರೋದ್ ನೋಡ್ಬೇಕಂತ ಆರೂವರಿಗೇ ಕುರ್ಚಿ ಹೊರಗ ಹಾಕ್ತೀನಿ ನಾ. ನೋಡಿದ್ರ ನನ್ ಮುಂದೇ ಇಳದ್ ಬಿಡ್ತಾಳ. ಆಕಿ ಸೈಕಲ್ ಮ್ಯಾಲ ಹೋಗೋದು ಒಂದಿನಾನೂ ನೋಡಿಲ್ ನಾನು.”

ಇಷ್ಟು ಚೆಂದದ ಮಾತು ಕೈಗೆ ಬಂದಿದ್ದಕ್ಕೆ ನನಗೆ ಖುಷಿಯಾಯಿತು. ಮರುಬೆಳಿಗ್ಗೆ ಕಟ್ಟೆಯ ಹತ್ತಿರ ಒಂದಕ್ಷರ ಬಿಡದೆ ಒಪ್ಪಿಸಿದೆ. ಜಟ್ಟೆಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

“ಇದು ನೀವು ಬರದದ್ದು.”

“ಇಲ್ಲ, ಅವರೇ ಹೇಳಿದ್ದು. ನನ್ನಾಣೆ.”

“ಭಾವನೋರು ಇಷ್ಟುದ್ದ ಮಾತಾಡಂಗಿಲ್ರೀ. ಹೊಳಿ ಇಲ್ಲದ ಊರಿಗಿ ಹೊಳಿ ತಂದಿಟ್ಟವರು ನೀವು.”

ಹೇಳಿ ಸೈಕಲ್ ಹತ್ತಿ ಹೋದಳು. ಮೂವತ್ತು ವರ್ಷದಿಂದ ನಾನು ಬರೆದ ಸುಳ್ಳನ್ನು ಜನ ನಿಜವೆಂದು ನಂಬಿದ್ದಾರೆ, ಶಾಲು ಹೊದಿಸಿದ್ದಾರೆ. ಜನ್ಮದಲ್ಲಿ ಮೊದಲ ಸಲ ಒಬ್ಬರ ಜೀವಕ್ಕೆ ಸಂಬಂಧಿಸಿದ ನಿಜವೊಂದನ್ನು ಹೊತ್ತುಕೊಂಡು ಹೋದೆ, ಅದು ಕಥೆಯಾಗಿಬಿಟ್ಟಿತು. ಮಾಡಿದ್ದುಣ್ಣೋ ಮಹರಾಯ.

೬

ಇಲ್ಲಿ ಲೇಖಕರು ಇನ್ನೊಂದು ಘನಕಾರ್ಯ ಮಾಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ ನಿಂಗಣ್ಣನಿಗೆ ಒಂದು ಐಡಿಯಾ ಕೊಟ್ಟರು: ಆರೂ ಮುಕ್ಕಾಲಿಗೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತುಬಿಡಿ. ನೀವು ನೋಡದಿದ್ದರೆ ಅವಳು ಇಳಿಯಬೇಕಾಗಿಲ್ಲ.

ನಿಂಗಣ್ಣ ಹಾಗೇ ಮಾಡಿದ. ಜಟ್ಟೆಮ್ಮ ತಿರುವಿನಲ್ಲಿ ಬಂದಳು, ಭಾವನ ಬೆನ್ನು ಕಂಡಳು, ಇಳಿದಳು. ಎಂದಿನಂತೆ ನಿಧಾನಕ್ಕೆ ತಳ್ಳಿಕೊಂಡು ಹೋಗದೆ ಓಡುವವಳ ಹಾಗೆ ದಾಟಿದಳು. ಎರಡನೆಯ ದಿನವೂ ಅದೇ. ಮೂರನೆಯ ದಿನ ನಡೆದುಕೊಂಡು ಬಂದಳು. ನಾಲ್ಕನೆಯ ದಿನವೂ ಸೈಕಲ್ ಇರಲಿಲ್ಲ.

ಕಟ್ಟೆಯ ಬಳಿ ಅಡ್ಡಹಾಕಿ ಕೇಳಿದೆ. ಅವಳ ಕಣ್ಣು ತುಂಬಿತ್ತು.

“ಭಾವನೋರು ಮಾರಿ ತಿರುವ್ಯಾರ್ರೀ. ಸೈಕಲ್ ಹೊಡೆಯೋದು ಅವ್ರಿಗಿ ಸೇರಿಲ್ಲ. ಇಪ್ಪತ್ತೊಂದು ವರ್ಷದಾಗ ಒಂದ್ ದಿನ ಹಂಗ ಮಾಡಿದ್ದಿಲ್ಲ ಅವ್ರು.”

“ಅಯ್ಯೋ, ಅದು ನಾನು ಹೇಳಿಕೊಟ್ಟ ಉಪಾಯ ಜಟ್ಟೆಮ್ಮ!”

“ಅದನ್ನೂ ನೀವೇ ಬರದ್ರೇನು?” ಎಂದಳು. ಈ ಸಲ ನಗಲಿಲ್ಲ. ಎರಡು ದಿನದಿಂದ ಎರಡನೆಯ ಮನೆಗೆ ತಡವಾಗುತ್ತಿತ್ತಂತೆ. ಸೋಮವಾರದಿಂದ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಅವರು ಹೇಳಿದ್ದರಂತೆ. ಸೈಕಲ್ಲನ್ನು ಖೋಲಿಯ ಹಿಂದೆ ನಿಲ್ಲಿಸಿ ಮೇಲೆ ಗೋಣಿಚೀಲ ಹೊದಿಸಿದ್ದಾಳಂತೆ. ಹೇಳಿ ಸರಸರ ನಡೆದು ಹೋದಳು. ಅವಳು ಅಷ್ಟು ಬಿರುಸಾಗಿ ನಡೆಯುವುದನ್ನು ನೋಡಿ ನನಗೆ ನನ್ನ ಮೇಲೇ ಅಸಹ್ಯವಾಯಿತು.

೭

ಅಂತ್ಯ, ಮೊದಲನೆಯದು. ಸಿಟ್ಟಿನಲ್ಲಿ ಅವಳು ಸೈಕಲ್ ಹತ್ತುತ್ತಾಳೆ, ತಿರುವಿನಲ್ಲಿ ಇಳಿಯುತ್ತಾಳೆ, ಟ್ಯಾಂಕರ್ ಬರುತ್ತದೆ. ಬಹಳ ಚೆನ್ನಾಗಿ ಬರೆದೆ. ಚಕ್ರವೊಂದು ಗಾಳಿಯಲ್ಲಿ ತಿರುಗುತ್ತಲೇ ಇತ್ತು. ಓದಿ ನಾನೇ ಕಣ್ಣೊರೆಸಿಕೊಂಡೆ. ಮರುದಿನ ಬೆಳಿಗ್ಗೆ ಅವಳು ಕೈಚೀಲ ಹಿಡಿದು ಗೇಟಿನ ಮುಂದೆ ನಡೆದುಹೋದಳು. ಒಂದು ಒಳ್ಳೆಯ ಪ್ಯಾರಾಗ್ರಾಫಿಗಾಗಿ ಅವಳನ್ನು ಸಾಯಿಸಿದ್ದೆನಲ್ಲ ಎಂದು ನಾಚಿಕೆಯಾಗಿ ಕಿತ್ತುಹಾಕಿದೆ.

ಅಂತ್ಯ, ಎರಡನೆಯದು. ನಿವಾಸಿಗಳ ಸಂಘ ಎಚ್ಚೆತ್ತುಕೊಳ್ಳುತ್ತದೆ. ತಿರುವಿಗೆ ಕನ್ನಡಿ, ಹಂಪು, ಜೀಬ್ರಾ ಪಟ್ಟೆ, ಫುಟ್‌ಪಾತ್ ಎಲ್ಲ ಬರುತ್ತವೆ. ಎಲ್ಲರೂ ಎಲ್ಲರಿಗೂ ಕೈಬೀಸುತ್ತಾರೆ. ಇದನ್ನು ನಮಗೆ ನೀರು ತರುವ ಟ್ಯಾಂಕರಿನ ಡ್ರೈವರ್ ಮುನಿರಾಜಪ್ಪನಿಗೆ ಓದಿ ಹೇಳಿದೆ. ಅವನು ಪೈಪು ಸುತ್ತುತ್ತ ಕೇಳಿದ.

“ಸಾರ್, ಏಳು ಗಂಟೆ ಒಳಗೆ ಎರಡು ಲೋಡ್ ಬೇಕೇಬೇಕು ಅಂತ ನಂಗೆ ಫೋನ್ ಮೇಲೆ ಫೋನ್ ಮಾಡೋರು ಯಾರು?”

“ನಮ್ಮ ಸಂಘದವರು.”

“ಹಂಪ್ ಹಾಕ್ಸೋರು?”

“ಅವರೇ.”

“ಸರೋಯ್ತು ಬಿಡಿ,” ಎಂದು ನಕ್ಕು ಗಾಡಿ ಹತ್ತಿದ. ಎರಡನೆಯ ಅಂತ್ಯವೂ ಹೋಯಿತು. ಅವನು ಆ ತಿರುವಿನಲ್ಲಿ ನುಗ್ಗುವುದು ನನ್ನ ಸ್ನಾನದ ನೀರಿಗಾಗಿ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಬೇರೆ ದಾರಿ ಕಾಣದೆ ನಿಂಗಣ್ಣನ ಬಳಿ ಹೋಗಿ ನಿಜ ಹೇಳಿದೆ.

“ನಾ ಸಿಟ್ಟಾಗೀನಿ ಅಂತ ತಿಳಕೊಂಡಾಳೇನು?” ಎಂದ. ನಾನು ಹೌದೆಂದೆ. ಅವನು ಕುರ್ಚಿ ಎತ್ತಿ ಮೊದಲಿನಂತೆ ರಸ್ತೆಯ ಕಡೆ ಇಟ್ಟ. “ನನ್ ಮ್ಯಾಲ ಸಿಟ್ಟಾಗೀನಿ ಅಂತ...” ಎಂದ. ‘ಆಕಿ ಮ್ಯಾಲ’ ಅನ್ನಬೇಕಾದಲ್ಲಿ ಬಾಯಿ ತಪ್ಪಿತ್ತು, ಸರಿಮಾಡಿಕೊಳ್ಳಲಿಲ್ಲ. ಕುರ್ಚಿಯ ಧೂಳು ಒರೆಸುತ್ತ, “ನಾಳಿ ಸೈಕಲ್ ತಗೊಂಡ್ ಬಾ ಅಂತ ಹೇಳ್ರಿ. ಅಷ್ಟೇ ಹೇಳ್ರಿ,” ಎಂದ.

ಜಟ್ಟೆಮ್ಮ ಕೆಲಸ ಮುಗಿಸಿ ವಾಪಸು ಬರುವಾಗ ಕಾದು ನಿಂತು ಅಷ್ಟೇ ಹೇಳಿದೆ. ಒಂದು ಪದವನ್ನೂ ಸೇರಿಸಲಿಲ್ಲ. (ನನಗೆ ಅದೆಷ್ಟು ಕಷ್ಟವಾಯಿತೆಂದು ನಿಮಗೆ ಗೊತ್ತಿಲ್ಲ.) ಅವಳು ನನ್ನ ಮುಖವನ್ನೇ ನೋಡಿದಳು.

“ಖರೇ ಭಾವನೋರ ಮಾತು ಇದು,” ಎಂದಳು. “ಅವ್ರು ಇಷ್ಟೇ ಮಾತಾಡೋದು.”

೮

ಶನಿವಾರ, ಆರೂ ನಲವತ್ತೈದು. ನಾನು ಕಾರಿನಲ್ಲಿ ಗೇಟಿನ ಹತ್ತಿರ ಇದ್ದೆ. ಗಾಜು ಏರಿಸಿತ್ತು, ಏ.ಸಿ. ಓಡುತ್ತಿತ್ತು.

ನಮ್ಮಂಥ ಅಪಾರ್ಟ್‌ಮೆಂಟುಗಳ ಪದ್ಧತಿ ನಿಮಗೂ ಗೊತ್ತಿರುತ್ತದೆ. ಕಾರು ಹೊರಡುವಾಗ ಸೆಕ್ಯುರಿಟಿ ರಸ್ತೆಗಿಳಿದು, ಸೀಟಿ ಊದಿ, ನಡೆಯುವವರನ್ನೂ ಸೈಕಲ್ಲಿನವರನ್ನೂ ಅಂಗೈ ತೋರಿಸಿ ನಿಲ್ಲಿಸಿ ನಮಗೆ ದಾರಿ ಮಾಡಿಕೊಡುತ್ತಾನೆ. ನಾವು ಒಂದು ಬೆರಳು ಎತ್ತಿ ಥ್ಯಾಂಕ್ಸ್ ಹೇಳಿದಂತೆ ಮಾಡಿ ಹೋಗುತ್ತೇವೆ. ಅವತ್ತು ನಿಂಗಣ್ಣ ಸೀಟಿ ಬಾಯಿಗಿಟ್ಟುಕೊಂಡು ಬಂದ. ಬಂದವನು ಅಂಗೈಯನ್ನು ನನಗೆ ತೋರಿಸಿದ. ನಿಲ್ಲಿ ಎಂದು. ಆಮೇಲೆ ನಡುರಸ್ತೆಗೆ ಹೋಗಿ, ತಿರುವಿಗೆ ಬೆನ್ನು ಹಾಕಿ, ಎದುರಿನಿಂದ ಬರುತ್ತಿದ್ದ ಟ್ಯಾಂಕರಿಗೆ ಕೈ ಅಡ್ಡ ಹಿಡಿದು ಸೀಟಿ ಊದತೊಡಗಿದ.

ಜಟ್ಟೆಮ್ಮ ತಿರುವಿನಲ್ಲಿ ಬಂದಳು. ಸೈಕಲ್ಲಿನ ಮೇಲೆ.

ಅವಳಿಗೆ ಮೊದಲು ಕಂಡದ್ದು ಭಾವನ ಬೆನ್ನು. ಆ ಬೆನ್ನಿನಾಚೆ ಟ್ಯಾಂಕರ್. ತುಂಬಿದ ಟ್ಯಾಂಕರಿಗೆ ಬ್ರೇಕ್ ಹೊಡೆದರೆ ಒಳಗಿನ ನೀರು ಅದನ್ನು ಮುಂದಕ್ಕೆ ನೂಕುತ್ತದೆ. ಮುನಿರಾಜಪ್ಪ ಬ್ರೇಕ್ ಹೊಡೆದಿದ್ದ. ಟೈರು ಕಿರುಚುತ್ತಿತ್ತು, ಗಾಡಿ ಬರುತ್ತಲೇ ಇತ್ತು. ಖಾಕಿ ಬಟ್ಟೆಯನ್ನೂ ಸೀಟಿಯನ್ನೂ ನಂಬಿದ ನಿಂಗಣ್ಣ ಕದಲಲಿಲ್ಲ. ಈ ರಸ್ತೆಯಲ್ಲಿ ಯಾವಾಗ ಯಾವುದು ನಿಲ್ಲುವುದಿಲ್ಲ ಎಂಬುದು ಕುರ್ಚಿಯಲ್ಲಿ ಕೂತವನಿಗಿಂತ ಸೈಕಲ್ ಹೊಡೆಯುವವಳಿಗೆ ಚೆನ್ನಾಗಿ ಗೊತ್ತಿತ್ತು.

“ಭಾವನೋರೇ! ಸರೀರಿ! ಈ ಕಡಿ ಸರೀರೀ!”

ಗಾಜಿನೊಳಗೂ ಕೇಳಿಸಿತು. ನಿಂಗಣ್ಣ ಬೆಚ್ಚಿ ದನಿ ಬಂದ ಕಡೆಗೆ ಎರಡು ಹೆಜ್ಜೆ ಹಾರಿದ. ಅವನು ನಿಂತಿದ್ದ ಜಾಗಕ್ಕೆ ಬಂದು ಟ್ಯಾಂಕರ್ ನಿಂತಿತು, ಮೇಲಿನ ಮುಚ್ಚಳದಿಂದ ನೀರು ಚೆಲ್ಲಿ ರಸ್ತೆ ಒದ್ದೆಯಾಯಿತು.

ಜಟ್ಟೆಮ್ಮನ ಒಂದು ಕಾಲು ಪೆಡಲಿನ ಮೇಲೆ, ಒಂದು ನೆಲದ ಮೇಲೆ ಇತ್ತು. ತಲೆಯ ಮೇಲೆ ಸೆರಗಿರಲಿಲ್ಲ. ಅವಳಿಗೆ ಅದರ ನೆನಪೂ ಇದ್ದಂತಿರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಭಾವನಿಗೆ ಆಡಿದ ಮೊದಲ ಮಾತನ್ನು ಅವಳು ಕಿರುಚಿ ಆಡಿದ್ದಳು. ಇಬ್ಬರೂ ಮೂರಡಿ ಅಂತರದಲ್ಲಿ ನಿಂತು ಒಬ್ಬರನ್ನೊಬ್ಬರು ನೋಡಿದರು.

ಆಗ ನಿಂಗಣ್ಣ ಅವಳಿಗೆ ಏನೋ ಹೇಳಿದ. ಗೇಟಿಗಲ್ಲ, ಕಂಬಕ್ಕಲ್ಲ, ಅವಳಿಗೇ. ತುಟಿ ಆಡಿದ್ದು ಕಂಡಿತು. ಅವಳೂ ಏನೋ ಅಂದಳು. ಅವನು ಮತ್ತೆ ಹೇಳಿದ, ಈ ಸಲ ಸ್ವಲ್ಪ ಉದ್ದವಾಗಿಯೇ. ನಾನು ತಡಬಡಿಸಿ ಗಾಜಿನ ಸ್ವಿಚ್ಚು ಒತ್ತಿದೆ. ಗಾಜು ಇಳಿಯುವಷ್ಟರಲ್ಲಿ ಮುನಿರಾಜಪ್ಪ, “ಯಜಮಾನ್ರೇ, ಸಾಯೋಕ್ ನನ್ ಗಾಡಿನೇ ಬೇಕಿತ್ತಾ?” ಎಂದು ಕೂಗುತ್ತಿದ್ದ, ಹಿಂದಿನಿಂದ ನಜೀರ್ ಹಾರ್ನ್ ಒತ್ತುತ್ತಿದ್ದ, ವಾಕಿಂಗಿನವರು ಸುತ್ತ ಸೇರಿದ್ದರು. ನನಗೆ ಬೇಕಾಗಿದ್ದ ಮಾತುಗಳು ಮುಗಿದಿದ್ದವು.

೯

ಓದುಗರೇ, ಕಥೆ ಇರುವುದು ಆ ಮೂರು ಮಾತುಗಳಲ್ಲಿ. ಅವು ನನ್ನ ಹತ್ತಿರ ಇಲ್ಲ.

ನಿಂಗಣ್ಣನನ್ನು ಕೇಳಿದೆ. “ಏನಿಲ್ ಸಾರ್,” ಎಂದು ಚಿಲಕಕ್ಕೆ ಹೇಳಿದ. ಮುನಿರಾಜಪ್ಪನಿಗೆ ಕೇಳಿಸಿರಲಿಲ್ಲ. ಅವನು ಒಂದು ವಾರ ಆ ತಿರುವಿಗೆ ಮೊದಲ ಗೇರಿನಲ್ಲಿ ಬಂದ, ಎರಡನೆಯ ಲೋಡು ಏಳೂಕಾಲಿಗೆ ಬಂತು. ಸಂಘದ ವಾಟ್ಸಪ್ ಗುಂಪಿನಲ್ಲಿ ಗಲಾಟೆಯಾಯಿತು. ಯಾಕೆ ತಡ ಎಂದು ನಾನು ಅಲ್ಲಿ ಬರೆಯಲು ಹೋದೆ, ಉದ್ದವಾಯಿತು, ಯಾರೂ ಓದಲಿಲ್ಲ.

ಜಟ್ಟೆಮ್ಮ ದಿನವೂ ಸೈಕಲ್ಲಿನಲ್ಲೇ ಬರುತ್ತಿದ್ದಾಳೆ. ಎರಡನೆಯ ಮನೆಯೂ ಉಳಿದಿದೆ. ಕಟ್ಟೆಯ ಬಳಿ ನಿಲ್ಲಿಸಿ ಅವಳನ್ನೂ ಕೇಳಿದೆ.

“ನೀವು ಅಲ್ಲೇ ಇದ್ರಲ್ರಿ?”

“ಗಾಜು ಏರಿಸಿತ್ತು. ಕೇಳಿಸಲಿಲ್ಲ.”

“ಹಂಗಾದ್ರ ನಿಮಗ ಬರ್ತದಲ್ಲ, ಬರಕೋರಿ.”

ಬರೆದೆ. ಮೊದಲನೆಯ ಆವೃತ್ತಿಯಲ್ಲಿ ನಿಂಗಣ್ಣ, “ಇನ್ಮ್ಯಾಲ ಇಳೀಬ್ಯಾಡವ್ವ,” ಎನ್ನುತ್ತಾನೆ. ಓದಿದೆ, ಅವಳು ನಕ್ಕಳು. ಎರಡನೆಯದರಲ್ಲಿ ಅವನು ಕಣ್ಣೀರು ತಂದುಕೊಂಡು ಮಗಳೇ ಎನ್ನುತ್ತಾನೆ. “ಛಲೋ ಅದ. ಖರೇ ಅಲ್ಲ,” ಎಂದಳು. ಮೂರನೆಯದರಲ್ಲಿ ಅವನು ಅವಳನ್ನು ಬೈಯುತ್ತಾನೆ. ಅದನ್ನು ಓದುತ್ತಿರುವಾಗ ಅವಳು ನಗಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಏಳೂ ಐದಾಯಿತೆಂದು ಎದ್ದು ಸೈಕಲ್ಲಿನ ಸ್ಟ್ಯಾಂಡ್ ತೆಗೆದಳು.

ನಿಮಗೆ ಇನ್ನೊಂದು ಪ್ರಶ್ನೆ ಉಳಿದಿರುತ್ತದೆ: ಈಗ ಅವಳು ಆ ತಿರುವಿನಲ್ಲಿ ಇಳಿಯುತ್ತಾಳೋ, ಇಲ್ಲವೋ? ಅದು ನನಗೆ ಗೊತ್ತು. ಕಾರನ್ನು ಒಳಗೇ ಬಿಟ್ಟು ನಾಲ್ಕು ದಿನ ಬೆಳಿಗ್ಗೆ ಟ್ರಾನ್ಸ್‌ಫಾರ್ಮರಿಗೆ ಒತ್ತಿಕೊಂಡು ನಿಂತು ಕಣ್ಣಾರೆ ನೋಡಿದ್ದೇನೆ. ಅದನ್ನು ಬರೆದೂ ಇದ್ದೆ. ಆದರೆ ಅವತ್ತು, ಮೂರನೆಯ ಆವೃತ್ತಿ ಕೇಳಿ ಹೊರಟ ಜಟ್ಟೆಮ್ಮ ಪೆಡಲಿನ ಮೇಲೆ ಕಾಲಿಟ್ಟವಳು ತಿರುಗಿ ನೋಡಿದಳು.

“ಇಳೀತೀನೋ ಇಲ್ಲೋ, ಅದು ನಮ್ ಮನಿ ಮಾತು. ಅದನ್ನ ಮಾತ್ರ ಬರೀಬ್ಯಾಡ್ರಿ.”

ಬರೆಯುವುದಿಲ್ಲ ಎಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು, ನಂಬಿದಳು, ಹೊರಟು ಹೋದಳು.